ಒಬ್ಬರಾದರೆ ದೂರು, ಇಬ್ಬರಾದರೆ ದಂಗೆ

ನಮ್ಮ ಬೀದಿಯ ಹುಡುಗನೊಬ್ಬ ಹಡಗಿನಲ್ಲಿ ಕೆಲಸಕ್ಕಿದ್ದಾನೆ. ಕುವೆಂಪುನಗರದಲ್ಲಿ ಹುಟ್ಟಿ, ಕಾವೇರಿ ಕಪಿಲೆ ಬಿಟ್ಟರೆ ಬೇರೆ ದೊಡ್ಡ ನೀರನ್ನೇ ಕಾಣದೆ ಬೆಳೆದವನು. ಮಂಗಳೂರಿಗೆ ಇಲ್ಲಿಂದ ಸುಮಾರು 250 ಕಿಲೋಮೀಟರ್. ಮೈಸೂರಿನ ನಮಗೆಲ್ಲ ಕಡಲೆಂದರೆ ಶಾಲೆಯ ಪ್ರವಾಸದಲ್ಲಿ ಒಮ್ಮೆ ಕಾಲು ನೆನೆಸಿಕೊಂಡು ಬಂದ ನೆನಪು, ಅಷ್ಟೆ. ಅಂಥ ಊರಿನಿಂದ ಹೋದ ಹುಡುಗ ಸರಕು ಹಡಗೊಂದರ ಎಂಜಿನ್ ರೂಮಿನಲ್ಲಿ ಒಂಬತ್ತು ತಿಂಗಳು ಕಳೆದು ರಜೆಗೆ ಬಂದಿದ್ದ. ಒಂದು ಸಂಜೆ ನಮ್ಮ ಜಗಲಿಯ ಮೇಲೆ ಕೂತು ಕಾಫಿ ಕುಡಿಯುತ್ತಾ ಮೊಬೈಲಿನಲ್ಲಿ ಒಂದು ಫೋಟೊ ತೋರಿಸಿದ. ಬಿಳಿ ಪ್ಲಾಸ್ಟಿಕ್ ಬಕೆಟ್. ಅದರೊಳಗೆ ತೆಳು ಡಿಕಾಕ್ಷನ್ನಿನ ಬಣ್ಣದ ನೀರು. ತಳದಲ್ಲಿ ತುಕ್ಕಿನ ಪುಡಿ ಕೂತಿತ್ತು.

"ಇದನ್ನೇ ಕುಡೀಬೇಕಿತ್ತು ಅಂಕಲ್, ಎರಡು ವಾರ," ಎಂದ. "ಹನ್ನೆರಡು ಜನ ಸೇರಿಕೊಂಡು ಕ್ಯಾಪ್ಟನ್ ಹತ್ರ ಹೋದ್ವಿ. ಅವರು ಬಾಗಿಲಲ್ಲೇ ನಿಲ್ಲಿಸಿದ್ರು. ಒಬ್ಬೊಬ್ಬರಾಗಿ ಬನ್ನಿ, ಕೇಳ್ತೀನಿ. ಹೀಗೆ ಗುಂಪಾಗಿ ಬಂದ್ರೆ ಅದಕ್ಕೆ ಬೇರೆ ಹೆಸರಿದೆ ಅಂದ್ರು."

"ಏನಪ್ಪಾ ಆ ಹೆಸರು?"

"ಮ್ಯೂಟಿನಿ."

ಹನ್ನೆರಡು ಜನರಲ್ಲಿ ಒಬ್ಬೊಬ್ಬನಾಗಿ ಹೋಗುವ ಧೈರ್ಯ ಮಾಡಿದವನು ಒಬ್ಬನೇ. ಮುಂದಿನ ಬಂದರಿನಲ್ಲಿ ಅವನನ್ನು ಇಳಿಸಿ ಊರಿಗೆ ಕಳಿಸಿದರಂತೆ. ಉಳಿದ ಹನ್ನೊಂದು ಜನ ನೀರನ್ನು ಬಟ್ಟೆಯಲ್ಲಿ ಸೋಸಿ, ಕಾಯಿಸಿ ಕುಡಿದರು. ಇದನ್ನು ಹೇಳುವಾಗ ಹುಡುಗ ನನ್ನ ಮುಖ ನೋಡಲಿಲ್ಲ. ಲೋಟವನ್ನೇ ತಿರುಗಿಸುತ್ತಾ ಕೂತಿದ್ದ. ಆ ಹನ್ನೊಂದರಲ್ಲಿ ತಾನೂ ಒಬ್ಬ ಎನ್ನುವುದು ಅವನನ್ನು ಕೊರೆಯುತ್ತಿತ್ತು.

ಅವತ್ತಿನಿಂದ ಆ ಒಂದು ಶಬ್ದ ನನ್ನನ್ನು ಬಿಟ್ಟಿಲ್ಲ. ನಮ್ಮಲ್ಲಿ ಇದಕ್ಕೆ ಎರಡು ಮಾತಿವೆ, ದಂಗೆ ಮತ್ತು ಬಂಡಾಯ. ಸರ್ಕಾರಿ ಕಾಗದದಲ್ಲಿ ಬರುವುದು ದಂಗೆ. ಜನರ ಬಾಯಲ್ಲಿ ಗೌರವದಿಂದ ಉಳಿಯುವುದು ಬಂಡಾಯ. 1858ರಲ್ಲಿ ಬೆಳಗಾವಿಯಲ್ಲಿ ಗಲ್ಲಿಗೇರಿದ ನರಗುಂದದ ಬಾಬಾಸಾಹೇಬರದು ಬಂಡಾಯ. 1980ರಲ್ಲಿ ಅದೇ ನರಗುಂದದ ರೈತರು ಎದ್ದು ನಿಂತದ್ದೂ ಬಂಡಾಯ. ಒಂದೇ ಕೆಲಸಕ್ಕೆ ಹೆಸರು ಎರಡು. ಯಾವ ಹೆಸರು ಅಂಟುತ್ತದೆ ಎನ್ನುವುದು ಕೆಲಸಕ್ಕಿಂತ ಹೆಚ್ಚಾಗಿ ಹೆಸರಿಡುವವನು ಎಲ್ಲಿ ಕೂತಿದ್ದಾನೆ ಎಂಬುದರ ಮೇಲೆ ನಿಂತಿದೆ.

ಕಾನೂನು ಏನನ್ನುತ್ತದೆ ಎಂದು ತೆಗೆದು ಓದಿದೆ. ನಮ್ಮ ನೌಕಾಪಡೆಗೆ 1957ರ ನೌಕಾಪಡೆ ಕಾಯ್ದೆಯಿದೆ. ಅದರ 42ನೇ ಕಲಮಿನ ಪ್ರಕಾರ, ನ್ಯಾಯಬದ್ಧ ಅಧಿಕಾರವನ್ನು ಉರುಳಿಸಲು ಅಥವಾ ತಡೆಯಲು ಇಬ್ಬರು ಅಥವಾ ಹೆಚ್ಚು ಮಂದಿ ಕೂಡಿದರೆ ಅದು ದಂಗೆ. 43ನೇ ಕಲಮಿನಲ್ಲಿ ಶಿಕ್ಷೆ. ಅದು ಮರಣದವರೆಗೂ ಹೋಗುತ್ತದೆ. ಅದರ ಮುಂದಿನ ಕಲಮು ದಂಗೆಯನ್ನು ಅಡಗಿಸಲು ಕೈಲಾದದ್ದು ಮಾಡದೆ ಸುಮ್ಮನಿದ್ದವನನ್ನೂ ಹಿಡಿಯುತ್ತದೆ. ನೌಕಾಪಡೆಯ ಹೊರಗಿನವನೊಬ್ಬ ನಾವಿಕನನ್ನು ದಂಗೆಗೆ ಪ್ರಚೋದಿಸಿದರೆ ಹಿಂದೆ ಭಾರತೀಯ ದಂಡ ಸಂಹಿತೆಯ 131ನೇ ಕಲಮು ಇತ್ತು. 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆಯ 159ನೇ ಕಲಮು ಆ ಜಾಗದಲ್ಲಿದೆ. ಹಡಗಿನ ಹುಡುಗ ಸೇನೆಯವನಲ್ಲ, ಅವನಿಗೆ ಇದ್ಯಾವುದೂ ತಗಲುವುದಿಲ್ಲ. ಆದರೆ ವ್ಯಾಪಾರಿ ಹಡಗುಗಳಿಗೆಂದು ಮಾಡಿದ 1958ರ ಕಾಯ್ದೆಯಲ್ಲೂ ಸಿಬ್ಬಂದಿ ಕೂಡಿಕೊಂಡು ಆಜ್ಞೆ ಮೀರಿದರೆ ಜೈಲಿತ್ತು.

ಈ ಎಲ್ಲ ಕಲಮುಗಳ ನಡುವೆ ನನ್ನ ಕಣ್ಣು ನಿಂತದ್ದು "ಇಬ್ಬರು" ಎಂಬ ಮಾತಿನ ಮೇಲೆ. ಒಬ್ಬ ಆಜ್ಞೆ ಮೀರಿದರೆ ಅದು ಅವಿಧೇಯತೆ, ಚಿಕ್ಕ ತಪ್ಪು. ಅದೇ ಮಾತನ್ನು ಇಬ್ಬರು ಕೂಡಿ ಆಡಿದರೆ ನೇಣಿನ ನೆರಳು. ಶಾಲೆಯಲ್ಲಿ ನಮಗೆ ಕಟ್ಟಿಗೆಯ ಕಂತೆಯ ಕಥೆ ಹೇಳಿ, ಒಗ್ಗಟ್ಟಿನಲ್ಲಿ ಬಲವಿದೆ ಎಂದು ಕಲಿಸಿದರು. ಹಡಗಿನ ಕಾನೂನು ಆ ಕಥೆಯನ್ನು ಚೆನ್ನಾಗಿ ಬಲ್ಲದು. ಅದಕ್ಕೇ ಕಂತೆ ಕಟ್ಟುವುದನ್ನೇ ಅಪರಾಧ ಮಾಡಿದೆ.

ಹಾಗೆಂದು ಈ ಕಾನೂನು ಕ್ರೌರ್ಯಕ್ಕಾಗಿಯೇ ಹುಟ್ಟಿತು ಎಂದು ಹೇಳಿದರೆ ನಾನು ಸುಳ್ಳು ಹೇಳಿದಂತೆ. ನೆಲದ ಮೇಲಿನ ಮನೆಯಲ್ಲಿ ಜಗಳವಾದರೆ ಬಾಗಿಲು ತೆಗೆದು ಆಚೆ ಹೋಗಬಹುದು. ಹಡಗಿಗೆ ಆಚೆ ಎಂಬುದೇ ಇಲ್ಲ. ಬಿರುಗಾಳಿಯ ರಾತ್ರಿಯಲ್ಲಿ ಚುಕ್ಕಾಣಿ ಹಿಡಿದವನ ಮಾತನ್ನು ಎಂಜಿನ್ ರೂಮಿನವನು ಪ್ರಶ್ನಿಸುತ್ತಾ ನಿಂತರೆ ಎಲ್ಲರೂ ಸಾಯುತ್ತಾರೆ. ಕೈ ಎತ್ತಿಸಿ ಮತ ಎಣಿಸಿ ಹಡಗು ತಿರುಗಿಸಲಾಗುವುದಿಲ್ಲ. ಇದನ್ನು ಒಪ್ಪಿಕೊಂಡೇ ಮುಂದಿನ ಮಾತಾಡಬೇಕು.

ನಮ್ಮ ಮೈಸೂರು ರಾಜ್ಯವೇ ಒಮ್ಮೆ ಇದರ ಪೆಟ್ಟು ತಿಂದಿದೆ. ಹೈದರಾಲಿ ಪಶ್ಚಿಮ ಕರಾವಳಿಯಲ್ಲಿ ಹಡಗುಪಡೆ ಕಟ್ಟಲು ಹೊರಟಿದ್ದ. ಅದರ ಮೇಲೆ ಲುತ್ಫ್ ಅಲಿ ಬೇಗ್ ಎಂಬುವನನ್ನು ಮುಖ್ಯಸ್ಥನನ್ನಾಗಿ ಕೂರಿಸಿದ. ಆತ ಕುದುರೆ ಪಡೆಯವನು. ಕಡಲಿನಲ್ಲೇ ಆಯಸ್ಸು ಸವೆಸಿದ ಹಡಗಿನ ನಾಯಕರಿಗೆ ಇದು ಸಹಿಸಲಾಗಲಿಲ್ಲ. 1768ರಲ್ಲಿ ಮುಂಬೈಯಿಂದ ಬಂದ ಇಂಗ್ಲಿಷರ ನೌಕೆಗಳು ಹೊನ್ನಾವರದ ಎದುರು ಕಾಣಿಸಿಕೊಂಡಾಗ ಹೈದರನ ಎರಡು ದೊಡ್ಡ ಹಡಗು ಮತ್ತು ಹನ್ನೆರಡು ಚಿಕ್ಕ ಯುದ್ಧನೌಕೆಗಳು ಅವರ ಕಡೆಗೇ ಹೋಗಿ ಸೇರಿಕೊಂಡವು. ಇದನ್ನು ಬರೆದಿಟ್ಟವನು ಮಾರ್ಕ್ ವಿಲ್ಕ್ಸ್, ಮುಂದೆ ಇದೇ ಮೈಸೂರಿನಲ್ಲಿ ರೆಸಿಡೆಂಟ್ ಆಗಿದ್ದವನು. ಸ್ವಲ್ಪವೇ ದಿನಗಳಲ್ಲಿ ಮಂಗಳೂರು ಇಂಗ್ಲಿಷರ ಕೈಗೆ ಹೋಯಿತು. ಹೈದರ್ ಅದನ್ನು ಆ ವರ್ಷವೇ ಮರಳಿ ಗೆದ್ದನಾದರೂ ಹೋದ ಹಡಗುಗಳು ಹೋದವು. ಆ ನಾಯಕರು ಮಾಡಿದ್ದು ದ್ರೋಹ, ಅದರಲ್ಲಿ ನನಗೆ ಅನುಮಾನವಿಲ್ಲ. ಆದರೆ ಕುದುರೆ ಸವಾರನ ಕೈಗೆ ಹಡಗು ಕೊಟ್ಟವನ ತಪ್ಪನ್ನು ಯಾವ ಕಲಮಿನಲ್ಲಿ ಬರೆಯುವುದು? ಹೈದರನಂಥ ಚಾಣಾಕ್ಷನೂ ತನ್ನ ಕೆಳಗಿನವರ ಕಸುಬಿಗೆ ಮರ್ಯಾದೆ ಕೊಡುವುದನ್ನು ಅಲ್ಲಿ ಮರೆತ. 1796ರಲ್ಲಿ ಟಿಪ್ಪು 40 ಯುದ್ಧನೌಕೆ ಕಟ್ಟುವ ದೊಡ್ಡ ಯೋಜನೆ ಮಾಡಿದ, ಅದು ಮುಗಿಯುವ ಮುಂಚೆ ಶ್ರೀರಂಗಪಟ್ಟಣವೇ ಬಿತ್ತು.

ದಂಗೆಯ ಕಾನೂನು ಯಾರ ಕುತ್ತಿಗೆಯನ್ನು ಹುಡುಕುತ್ತದೆ ಎಂಬುದೇ ನನ್ನ ತಳಮಳ. ಇಂಗ್ಲೆಂಡಿನ ಬೌಂಟಿ ಹಡಗಿನ ಕಥೆ ಸಿನಿಮಾಗಳಿಂದಾಗಿ ಎಲ್ಲರಿಗೂ ಗೊತ್ತು. 1789ರಲ್ಲಿ ಬಂಡೆದ್ದವರಲ್ಲಿ ಸಿಕ್ಕವರನ್ನು 1792ರಲ್ಲಿ ವಿಚಾರಿಸಿ ಮೂವರು ಸಾಮಾನ್ಯ ನಾವಿಕರನ್ನು ಗಲ್ಲಿಗೇರಿಸಿದರು. ಮರಣದಂಡನೆಯಾಗಿದ್ದ ಪೀಟರ್ ಹೇವುಡ್ ಎಂಬ ತರುಣ ದೊಡ್ಡ ಮನೆತನದವನು. ಅವನಿಗೆ ರಾಜನ ಕ್ಷಮೆ ಸಿಕ್ಕಿತು, ಮುಂದೆ ಅದೇ ನೌಕಾಪಡೆಯಲ್ಲಿ ಕ್ಯಾಪ್ಟನ್ ಆದ. ಅದೇ ಇಂಗ್ಲೆಂಡಿನಲ್ಲಿ 1797ರಲ್ಲಿ ಸ್ಪಿಟ್‌ಹೆಡ್ ಎಂಬಲ್ಲಿ ನಾವಿಕರು ಕೆಲಸ ನಿಲ್ಲಿಸಿದರು. ಒಂದು ಶತಮಾನಕ್ಕೂ ಮೀರಿ ಅವರ ಸಂಬಳ ಏರಿರಲಿಲ್ಲ. ಅವರಿಗೆ ಸಂಬಳವೂ ಸಿಕ್ಕಿತು, ಕ್ಷಮೆಯೂ ಸಿಕ್ಕಿತು. ಅದರ ಬೆನ್ನಿಗೇ ನೋರ್ ಎಂಬಲ್ಲಿ ಎದ್ದವರಿಗೆ ಮಾತ್ರ ಕ್ಷಮೆಯಿಲ್ಲ, ಅವರ ಮುಂದಾಳು ರಿಚರ್ಡ್ ಪಾರ್ಕರ್ ನೇಣಿಗೆ ಹೋದ. ಆ ದೇಶದಲ್ಲಿ ಕೊಲೆಗೆ ಗಲ್ಲು ತೆಗೆದು ಹಾಕಿದ್ದು 1965ರಲ್ಲಿ. ಸೇನೆಯೊಳಗಿನ ದಂಗೆಗೆ ಅದು 1998ರವರೆಗೂ ಉಳಿದಿತ್ತು. ಮನುಷ್ಯನನ್ನು ಕೊಂದದ್ದಕ್ಕಿಂತ ಮೇಲಿನವನ ಮಾತು ಮೀರಿದ್ದು ಅಷ್ಟು ವರ್ಷ ದೊಡ್ಡದಾಗಿ ಕಂಡಿತು.

ಆದರೆ ಇದಕ್ಕೆಲ್ಲ ಅಷ್ಟು ದೂರ ಹೋಗಬೇಕಾಗಿಲ್ಲ. ಮೈಸೂರಿನಿಂದ ಬಸ್ಸಿನಲ್ಲಿ ಅರ್ಧ ಗಂಟೆ ಸಾಕು. ಹೆದ್ದಾರಿಯ ಮಗ್ಗುಲಲ್ಲಿ, ಕಾವೇರಿಯ ದಂಡೆಯಲ್ಲಿ, ಶ್ರೀರಂಗಪಟ್ಟಣದ ಗ್ಯಾರಿಸನ್ ಸ್ಮಶಾನವಿದೆ. ಇಂಗ್ಲಿಷ್ ಅಧಿಕಾರಿಗಳದು, ಅವರ ಹೆಂಡತಿ ಮಕ್ಕಳದು, ಸ್ವಿಟ್ಜರ್ಲೆಂಡಿನಿಂದ ಬಂದ ದ ಮ್ಯೂರಾನ್ ಪಡೆಯವರದು ಸಮಾಧಿಗಳು. ಕೆಲವು ಗೋಪುರದಂತೆ ಎತ್ತರ, ಕೆಲವು ನೆಲಕ್ಕಂಟಿದ ಚಪ್ಪಡಿ. ನಾನು ಹೋದ ದಿನ ಮಳೆ ಬಂದು ನಿಂತಿತ್ತು. ಚಪ್ಪಡಿಯೊಂದರಲ್ಲಿ ಕೊರೆದ ಅಕ್ಷರಗಳ ಹಳ್ಳದಲ್ಲಿ ನೀರು ನಿಂತು, ಬೇರೆ ಹೊತ್ತಿನಲ್ಲಿ ಓದಲಾಗದ ಹೆಸರು ಅವತ್ತು ಮಿನುಗಿ ಕಾಣುತ್ತಿತ್ತು. ಬೆರಳಿಟ್ಟು ಒಂದೊಂದೇ ಅಕ್ಷರ ಓದಿದೆ. ಇನ್ನೂರು ವರ್ಷದ ಹಿಂದೆ ಯಾರೋ ತಮ್ಮವನಿಗಾಗಿ ಅತ್ತು ಬರೆಸಿದ ಕಲ್ಲು. ಮನಸ್ಸು ಕರಗಿತು, ಅದರಲ್ಲಿ ತಪ್ಪೇನಿಲ್ಲ.

ಈ ಊರಿನಲ್ಲೇ 1809ರಲ್ಲಿ ದಂಗೆಯೊಂದು ನಡೆಯಿತು. ಮಾಡಿದವರು ಸಿಪಾಯಿಗಳಲ್ಲ. ಈಸ್ಟ್ ಇಂಡಿಯಾ ಕಂಪನಿಯ ಮದರಾಸು ಸೇನೆಯ ಬಿಳಿಯ ಅಧಿಕಾರಿಗಳು. ಸಿಟ್ಟಿಗೆ ಕಾರಣ ಹಣ. ಸಿಪಾಯಿಗಳ ಡೇರೆಗಳನ್ನು ನೋಡಿಕೊಳ್ಳಲು ಅಧಿಕಾರಿಗಳಿಗೆ ಗುತ್ತಿಗೆಯಂತೆ ತಿಂಗಳು ತಿಂಗಳು ಹಣ ಸಿಗುತ್ತಿತ್ತು. ಯುದ್ಧವಿರಲಿ ಬಿಡಲಿ, ಅದು ಅವರ ಜೇಬಿಗೆ ಲಾಭ. ಸರ್ಕಾರ ಅದನ್ನು ರದ್ದು ಮಾಡಿತು. ಗವರ್ನರ್ ಜಾರ್ಜ್ ಬಾರ್ಲೋನ ಬಿಗಿ ಕೈ ಅದಕ್ಕೆ ತುಪ್ಪ ಸುರಿಯಿತು. ನಿಷ್ಠೆಯ ಮುಚ್ಚಳಿಕೆಗೆ ಸಹಿ ಹಾಕಿ ಎಂದರೆ ಬಹುಪಾಲು ಅಧಿಕಾರಿಗಳು ಹಾಕಲಿಲ್ಲ. ಶ್ರೀರಂಗಪಟ್ಟಣದ ಕೋಟೆಯ ಅಧಿಕಾರಿಗಳು ಲೆಫ್ಟಿನೆಂಟ್ ಕರ್ನಲ್ ಬೆಲ್ ಎಂಬುವನ ಕೈಕೆಳಗೆ ಕೋಟೆಯನ್ನು ತಮ್ಮ ವಶದಲ್ಲಿಟ್ಟುಕೊಂಡರು. ಚಿತ್ರದುರ್ಗದಲ್ಲಿದ್ದ ಎರಡು ದಳಗಳ ಅಧಿಕಾರಿಗಳು ಅಲ್ಲಿಯ ಖಜಾನೆ ತೆಗೆದುಕೊಂಡು, ತಮ್ಮ ಸಿಪಾಯಿಗಳನ್ನು ಹೊರಡಿಸಿಕೊಂಡು ಶ್ರೀರಂಗಪಟ್ಟಣದ ಕಡೆ ನಡೆದರು.

ಇನ್ನೂರು ಕಿಲೋಮೀಟರಿನಷ್ಟು ದಾರಿ, ಆಗಸ್ಟ್ ತಿಂಗಳು. ಆ ಸಿಪಾಯಿಗಳು ಏನು ಯೋಚಿಸುತ್ತಾ ನಡೆದಿರಬಹುದು? ನಾನು ಊಹಿಸಬಲ್ಲೆ, ಅಷ್ಟೆ. ದೊರೆ ನಡೆ ಎಂದ, ನಡೆದರು. ಡೇರೆಯ ಲಾಭ ಅವರದಾಗಿರಲಿಲ್ಲ. ಮುಚ್ಚಳಿಕೆಯಲ್ಲಿ ಏನಿತ್ತೋ ಅವರಿಗೆ ಓದಿ ಹೇಳಿದವರು ಯಾರು? ಸೇನೆಗೆ ಸೇರಿದ ದಿನ ಅವರಿಗೆ ಕಲಿಸಿದ್ದು ಒಂದೇ ಪಾಠ, ಅಧಿಕಾರಿಯ ಮಾತು ಮೀರಬಾರದು. ಆ ಪಾಠವನ್ನು ಅವರು ಚಾಚೂ ತಪ್ಪದೆ ಪಾಲಿಸಿದರು. ಮುಮ್ಮಡಿ ಕೃಷ್ಣರಾಜ ಒಡೆಯರು ಆಗಿನ್ನೂ ಹುಡುಗರು, ದಿವಾನ್ ಪೂರ್ಣಯ್ಯನವರು ಕಂಪನಿ ಸರ್ಕಾರದ ಪರವಾಗಿ ನಿಂತು ಮೈಸೂರಿನ ಕುದುರೆ ಪಡೆ ಕಳಿಸಿದ್ದರು. ಆಗಸ್ಟ್ 11ರಂದು, ಶ್ರೀರಂಗಪಟ್ಟಣ ಕಣ್ಣಿಗೆ ಬೀಳುವಷ್ಟು ಹತ್ತಿರ ಬಂದಿದ್ದಾಗ, ಆ ಕುದುರೆ ಪಡೆಯೂ ಇಂಗ್ಲಿಷರ ಡ್ರಾಗೂನ್ ಅಶ್ವದಳವೂ ಚಿತ್ರದುರ್ಗದ ದಳಗಳ ಮೇಲೆ ಬಿದ್ದವು. ಸಾಲು ಒಡೆದು ಸಿಪಾಯಿಗಳು ಬಯಲಲ್ಲಿ ಚೆಲ್ಲಾಪಿಲ್ಲಿಯಾದರು. ಅನೇಕರು ಕತ್ತಿಗೆ ಸಿಕ್ಕಿ ಸತ್ತರು.

ಆಮೇಲೆ ಕೋಟೆ ಶರಣಾಯಿತು. ಗವರ್ನರ್ ಜನರಲ್ ಲಾರ್ಡ್ ಮಿಂಟೋ ಸ್ವತಃ ಮದರಾಸಿಗೆ ಬಂದು ಕೆಲವರನ್ನು ಬಿಟ್ಟು ಉಳಿದ ಅಧಿಕಾರಿಗಳಿಗೆಲ್ಲ ಕ್ಷಮೆ ಸಾರಿದ. ಬೆಲ್‌ನನ್ನು ಕೋರ್ಟ್ ಮಾರ್ಷಲ್ ಮಾಡಿ ಸೇವೆಯಿಂದ ವಜಾ ಮಾಡಿದರು. ಒಬ್ಬ ಅಧಿಕಾರಿಯ ಕುತ್ತಿಗೆಗೂ ಹಗ್ಗ ಬೀಳಲಿಲ್ಲ. ಕೆಲಸ ಕಳೆದುಕೊಂಡವರಲ್ಲಿ ಹಲವರು ಮುಂದೆ ಅದೇ ಕೆಲಸಕ್ಕೆ ಮರಳಿದರು.

ಇದಕ್ಕೆ ಮೂರೇ ವರ್ಷ ಹಿಂದೆ, 1806ರ ಜುಲೈ 10ರಂದು, ವೆಲ್ಲೂರಿನಲ್ಲಿ ಸಿಪಾಯಿಗಳು ಎದ್ದಿದ್ದರು. ಟಿಪ್ಪುವಿನ ಮಕ್ಕಳನ್ನು ಸೆರೆಯಿಟ್ಟಿದ್ದ ಕೋಟೆ ಅದು. ಹಣೆಯ ನಾಮ ಅಳಿಸು, ಗಡ್ಡ ತೆಗೆ, ಚರ್ಮದ ಪಟ್ಟಿಯ ಹೊಸ ರುಮಾಲು ತೊಡು ಎಂದದ್ದಕ್ಕೆ ಮೊದಲು ಗೊಣಗಿದವರಿಗೆ ಛಡಿ ಏಟು ಕೊಟ್ಟರು, ಆಮೇಲೆ ಬೆಂಕಿ ಹತ್ತಿತು. ಆ ದಂಗೆಯಲ್ಲಿ ಯುರೋಪಿಯನ್ನರೂ ನೂರಕ್ಕೂ ಹೆಚ್ಚು ಮಂದಿ ಸತ್ತರು, ಮಲಗಿದ್ದವರನ್ನೂ ಬಿಡಲಿಲ್ಲ. ಅದನ್ನು ನಾನು ಮುಚ್ಚಿಡುವುದಿಲ್ಲ. ಆದರೆ ಶಿಕ್ಷೆ ಹೇಗಿತ್ತು? ಕೆಲವರನ್ನು ಫಿರಂಗಿಯ ಬಾಯಿಗೆ ಕಟ್ಟಿ ಹಾರಿಸಿದರು, ಕೆಲವರನ್ನು ಗುಂಡಿಟ್ಟು ಕೊಂದರು, ಕೆಲವರನ್ನು ಗಲ್ಲಿಗೆ ಹಾಕಿದರು. ಸೈನ್ಯ ಒಂದೇ, ಪ್ರಾಂತ್ಯ ಒಂದೇ, ಅಪರಾಧದ ಹೆಸರೂ ಒಂದೇ. ವೆಲ್ಲೂರಿನ ಸಿಪಾಯಿ ಮಾತು ಮೀರಿ ಸತ್ತ. ಶ್ರೀರಂಗಪಟ್ಟಣದ ಸಿಪಾಯಿ ಮಾತು ಕೇಳಿ ಸತ್ತ.

ಇದನ್ನು ಯೋಚಿಸಿದಾಗಲೆಲ್ಲ ನನಗೆ ನಿದ್ದೆ ಹತ್ತುವುದಿಲ್ಲ. ಕಾನೂನಿನಲ್ಲಿ "ನ್ಯಾಯಬದ್ಧ ಆಜ್ಞೆ" ಎಂಬ ಮಾತಿದೆ. ಮನುಷ್ಯತ್ವಕ್ಕೆ ಬಿಟ್ಟ ಸಣ್ಣ ಕಿಂಡಿ ಅದು. ನ್ಯಾಯಬದ್ಧವಲ್ಲದ ಆಜ್ಞೆಯನ್ನು ಮೀರಿದರೆ ಅಪರಾಧವಲ್ಲ ಎಂದು ಅದರ ಅರ್ಥ. ಆದರೆ ಯಾವುದು ನ್ಯಾಯಬದ್ಧ ಎಂದು ತೀರ್ಮಾನವಾಗುವುದು ಕೋರ್ಟಿನಲ್ಲಿ, ವರ್ಷಗಳ ಮೇಲೆ, ಕಾಗದಗಳ ನಡುವೆ. ಕೆಳಗಿನವನು ತೀರ್ಮಾನಿಸಬೇಕಾದದ್ದು ಅದೇ ಗಳಿಗೆಯಲ್ಲಿ, ನಿಂತ ನಿಲುವಿನಲ್ಲಿ. ತಪ್ಪಿದರೆ ಪ್ರಾಣ ಅವನದು.

1946ರ ಫೆಬ್ರುವರಿ 18ರಂದು ಮುಂಬೈಯ ಕೊಲಾಬಾದಲ್ಲಿ ತಲ್ವಾರ್ ಎಂಬ ನೌಕಾ ತರಬೇತಿ ಕೇಂದ್ರದ ನಾವಿಕರು ಬೆಳಗಿನ ತಿಂಡಿಯ ತಟ್ಟೆ ಮುಟ್ಟಲಿಲ್ಲ. ಊಟ ಕೆಟ್ಟದ್ದು, ಸಂಬಳದಲ್ಲಿ ಬಿಳಿಯರಿಗೊಂದು ಕರಿಯರಿಗೊಂದು, ಕಮಾಂಡರ್ ಕಿಂಗ್ ಎಂಬಾತ ತಾಯಿಯನ್ನೆತ್ತಿ ಬೈಯುತ್ತಿದ್ದ. ದೂರು ಕೊಟ್ಟಿರಲಿಲ್ಲವೆಂದಲ್ಲ, ಕೊಟ್ಟು ಸಾಕಾಗಿತ್ತು. ಕೆಲವೇ ದಿನಗಳಲ್ಲಿ 78 ಹಡಗು, 20 ನೆಲೆ, ಸುಮಾರು 20,000 ನಾವಿಕರು. ಯೂನಿಯನ್ ಜಾಕ್ ಇಳಿದು ಕಾಂಗ್ರೆಸ್, ಲೀಗ್, ಕಮ್ಯುನಿಸ್ಟ್ ಬಾವುಟಗಳು ಜೊತೆಜೊತೆಯಾಗಿ ಏರಿದವು. ಸರ್ದಾರ್ ಪಟೇಲರ ಮಾತಿನ ಮೇಲೆ ಫೆಬ್ರುವರಿ 23ರಂದು ಅವರು ಶರಣಾದರು. ಯಾರಿಗೂ ತೊಂದರೆಯಾಗದಂತೆ ನೋಡಿಕೊಳ್ಳುವ ಭರವಸೆಯಿತ್ತು. ಆದರೂ ನಾಲ್ಕುನೂರಕ್ಕೂ ಹೆಚ್ಚು ಮಂದಿಯನ್ನು ಕೆಲಸದಿಂದ ತೆಗೆದು ಊರಿಗೆ ಕಳಿಸಿದರು. ಮುಂದಿನ ವರ್ಷ ಸ್ವಾತಂತ್ರ್ಯ ಬಂತು. ಸ್ವತಂತ್ರ ಭಾರತದ ನೌಕಾಪಡೆ ಅವರನ್ನು ಮತ್ತೆ ಕರೆಯಲಿಲ್ಲ. ನಮ್ಮ ನಾಯಕರ ಮೇಲೆ ನನಗೆ ಅಪಾರ ಗೌರವವಿದೆ. ಆದರೂ ಹೇಳಲೇಬೇಕು, ಇದು ಅನ್ಯಾಯ. ಸೇನೆಯಲ್ಲಿ ಶಿಸ್ತು ಉಳಿಯಬೇಕೆಂಬ ಭಯ ಅವರಿಗಿತ್ತು, ಅದು ನನಗೆ ಅರ್ಥವಾಗುತ್ತದೆ. ಆ ಭಯದ ಬೆಲೆಯನ್ನು ತೆತ್ತವರು ಮಾತ್ರ ತಿಂಡಿಯ ತಟ್ಟೆ ತಳ್ಳಿದ ಹುಡುಗರು.

ನಮ್ಮ ಕಾಲಕ್ಕೂ ಬರೋಣ. 2016ರ ಜೂನ್ 4ರಂದು ಕರ್ನಾಟಕದ ಪೊಲೀಸರು ಸಾಮೂಹಿಕ ರಜೆ ಹಾಕುತ್ತಾರೆ ಎಂಬ ಸುದ್ದಿ ರಾಜ್ಯವನ್ನು ನಡುಗಿಸಿತ್ತು. ರಜೆಯಿಲ್ಲದ ದುಡಿಮೆ, ಕಡಿಮೆ ಸಂಬಳ, ಸಾಹೇಬರ ಮನೆಗೆಲಸದ ಆರ್ಡರ್ಲಿ ಪದ್ಧತಿ ಅವರ ನೋವಾಗಿತ್ತು. ಎಸ್ಮಾ ಜಾರಿಯಾಯಿತು, ಮುಂದಾಳಿನ ಮೇಲೆ ದೇಶದ್ರೋಹದ ಮೊಕದ್ದಮೆ ಬಿತ್ತು, ರಜೆ ನಡೆಯಲಿಲ್ಲ. ಆ ದಿನಗಳಲ್ಲಿ ನಮ್ಮ ಸರ್ಕಲ್ಲಿನಲ್ಲಿ ಬಿಸಿಲಿಗೆ ನಿಂತಿದ್ದ ಕಾನ್‌ಸ್ಟೇಬಲ್ ಒಬ್ಬರನ್ನು ಕೇಳಿದ್ದೆ, "ನೀವೂ ರಜೆ ಹಾಕ್ತೀರಾ ಸಾರ್?" ಅವರು ಸಿಳ್ಳೆ ಬಾಯಿಂದ ತೆಗೆದು ಹೇಳಿದರು, "ಕೇಳಿದ್ರೆ ಕೊಡಲ್ಲ ಸಾರ್. ಎಲ್ಲಾ ಸೇರಿ ಕೇಳಿದ್ರೆ ಜೈಲು." ಅಷ್ಟು ಹೇಳಿ ಮತ್ತೆ ಸಿಳ್ಳೆ ಊದಿದರು. ಪೊಲೀಸರು ಸಂಘ ಕಟ್ಟದಂತೆ 1966ರ ಕಾಯ್ದೆಯೊಂದು ತಡೆಯುತ್ತದೆ. ಸೇನೆ, ಪೊಲೀಸರ ಮೂಲಭೂತ ಹಕ್ಕುಗಳನ್ನು ಸಂಸತ್ತು ಕಡಿಮೆ ಮಾಡಬಹುದೆಂದು ಸಂವಿಧಾನದ 33ನೇ ವಿಧಿಯೇ ಹೇಳುತ್ತದೆ. ಆಯುಧ ಹಿಡಿದವರು ಗುಂಪಾದರೆ ಅಪಾಯ ಎನ್ನುವ ಮಾತಿನಲ್ಲಿ ಸತ್ಯವಿದೆ. ಆದರೆ ಗುಂಪಾಗುವ ಹಕ್ಕನ್ನು ಕಿತ್ತುಕೊಂಡ ಮೇಲೆ, ಒಂಟಿ ದನಿಯನ್ನು ಎರಡರಷ್ಟು ಗಮನವಿಟ್ಟು ಕೇಳುವ ಸಾಲ ಸರ್ಕಾರದ ತಲೆಯ ಮೇಲೆ ಬರುತ್ತದೆ. ಆ ಸಾಲ ತೀರಿಸಿದ್ದನ್ನು ನಾನು ಅಪರೂಪಕ್ಕೆ ಕಂಡಿದ್ದೇನೆ.

ನೌಕಾಪಡೆ ಕಾಯ್ದೆಯಲ್ಲಿ ಮೇಲಧಿಕಾರಿಯಿಂದ ಅನ್ಯಾಯವಾದರೆ ದೂರು ಕೊಡುವ ದಾರಿಯಿದೆ. 2007ರ ಕಾಯ್ದೆಯಿಂದ ಸೇನಾಪಡೆಗಳ ನ್ಯಾಯಮಂಡಳಿಯೂ ಬಂದಿದೆ. ವ್ಯಾಪಾರಿ ಹಡಗಿನ ದುಡಿಮೆಗಾರರಿಗೆ 2006ರ ಅಂತಾರಾಷ್ಟ್ರೀಯ ಒಪ್ಪಂದವೊಂದಿದೆ. ಒಳ್ಳೆಯ ನೀರು, ಒಳ್ಳೆಯ ಊಟ, ದೂರು ಕೊಟ್ಟವನಿಗೆ ಕಿರುಕುಳವಾಗದಂತೆ ರಕ್ಷಣೆ ಎಲ್ಲವೂ ಅದರಲ್ಲಿವೆ. ಭಾರತ ಅದನ್ನು 2015ರಲ್ಲಿ ಒಪ್ಪಿಕೊಂಡಿತು. ಇದನ್ನು ಹುಡುಗನಿಗೆ ಹೇಳಿದೆ. ತನ್ನ ಹಡಗಿನ ಗೋಡೆಯ ಮೇಲೂ ಅದರ ಪ್ರತಿ ಅಂಟಿಸಿದ್ದರು ಎಂದ. ಎಲ್ಲಿ ಎಂದು ಕೇಳಿದೆ. ಕ್ಯಾಪ್ಟನ್ ಕೋಣೆಗೆ ಹೋಗುವ ದಾರಿಯಲ್ಲೇ, ಆ ದಿನ ಹನ್ನೆರಡು ಜನ ನಿಂತಿದ್ದ ಜಾಗದಲ್ಲೇ.

ಇಳಿಸಿ ಕಳಿಸಿದ ಆ ಒಬ್ಬ ಈಗೆಲ್ಲಿದ್ದಾನೆ ಎಂದೂ ಕೇಳಿದೆ. ಅವನ ನಂಬರು ಇದೆ ಅಂಕಲ್, ಫೋನ್ ಮಾಡಕ್ಕೆ ಮನಸ್ಸು ಬರ್ತಿಲ್ಲ ಎಂದ. ಮಾಡಪ್ಪಾ, ಇವತ್ತೇ ಮಾಡು ಎಂದೆ. ಮಾಡಿದನೋ ಇಲ್ಲವೋ, ನಾನು ಮತ್ತೆ ಕೇಳಿಲ್ಲ. ರಜೆ ಮುಗಿದು ಬೇರೊಂದು ಹಡಗು ಹತ್ತಿದ್ದಾನೆ.

ಮುಂಬೈಯ ಕೊಲಾಬಾದಲ್ಲಿ 1946ರ ನಾವಿಕರಿಗೆ ಇಂದು ಸ್ಮಾರಕವಿದೆ. ವೆಲ್ಲೂರಿನಲ್ಲಿ 1806ರ ಸಿಪಾಯಿಗಳಿಗೆ ಒಂದು ಸ್ತಂಭವಿದೆ. ಶ್ರೀರಂಗಪಟ್ಟಣದಲ್ಲಿ ಅಧಿಕಾರಿಗಳ ಸಮಾಧಿಗಳನ್ನು ಜೋಪಾನವಾಗಿ ದುರಸ್ತಿ ಮಾಡಿದ್ದಾರೆ, ಮಾಡಿದ್ದು ಒಳ್ಳೆಯದೇ. ಆದರೆ ಚಿತ್ರದುರ್ಗದಿಂದ ನಡೆದು ಬಂದು, ಹೇಳಿದ ಮಾತು ಕೇಳಿದ್ದಕ್ಕೆ ಸತ್ತ ಸಿಪಾಯಿಗಳ ಹೆಸರಿನ ಒಂದು ಕಲ್ಲನ್ನೂ ನಾನು ಅಲ್ಲಿ ಓಡಾಡಿದ ಕಡೆಯಲ್ಲೆಲ್ಲೂ ಕಂಡಿಲ್ಲ. ಪುರಾತತ್ವ ಇಲಾಖೆಯವರಲ್ಲಿ, ಮಂಡ್ಯ ಜಿಲ್ಲಾಡಳಿತದವರಲ್ಲಿ, ಊರಿನ ಹಿರಿಯರಲ್ಲಿ ನನ್ನದೊಂದು ಬೇಡಿಕೆ. ಕಾವೇರಿಯ ದಂಡೆಯಲ್ಲಿ ಅವರಿಗೊಂದು ಕಲ್ಲು ನೆಡಿ. ಹೆಸರು ಸಿಗದಿದ್ದರೆ ಬೇಡ, "ಸಿಪಾಯಿಗಳು, 1809" ಎಂದಷ್ಟೇ ಬರೆಸಿ.